ಒಂದು ಅಚ್ಚು, ಹಲವು ಅಂಗಿ: ಟೀ ಶರ್ಟಿನ ಪರದೆ ಮುದ್ರಣದ ಸಾಧಕ-ಬಾಧಕಗಳು

ತರಗತಿ: 8 ಮತ್ತು 9
ಕಲಿಕಾ ವಿಭಾಗ: ವಿಚಾರ ಬರವಣಿಗೆ (ಗಣಿತ, ವಿಜ್ಞಾನ ಮತ್ತು ಕಾರ್ಯಾನುಭವಗಳೊಡನೆ ಸಮನ್ವಯ)
ಅವಧಿ: 5 ಪಿರಿಯಡ್‌ಗಳು

ಪೀಠಿಕೆ

ಯಾವುದಾದರೊಂದು ವಸ್ತುವಿನ ಅಥವಾ ವಿಧಾನದ ಸಾಧಕ-ಬಾಧಕಗಳನ್ನು ತೂಗಿ ನಿರ್ಣಯಕ್ಕೆ ಬರುವ ವಿಚಾರ ಪ್ರಬಂಧವು ಪ್ರೌಢ ಹಂತದ ಭಾಷಾಬೋಧನೆಯಲ್ಲಿ ಮುಖ್ಯ ಸ್ಥಾನವನ್ನು ಪಡೆದಿದೆ. ಆದರೆ ಈ ಪ್ರಕಾರಕ್ಕೆ ಸಾಮಾನ್ಯವಾಗಿ ಆರಿಸಿಕೊಳ್ಳುವ ವಿಷಯಗಳು ಬಹುಕಾಲದಿಂದ ಸವೆದುಹೋಗಿವೆ. ವಿಜ್ಞಾನವು ವರವೋ ಶಾಪವೋ, ಮೊಬೈಲಿನಿಂದ ಲಾಭವೋ ನಷ್ಟವೋ ಎಂದು ಕೇಳಿದೊಡನೆ ವಿದ್ಯಾರ್ಥಿಯು ಕಂಠಪಾಠ ಮಾಡಿದ ಹತ್ತು ವಾಕ್ಯಗಳನ್ನು ಬರೆದು, ಕೊನೆಗೆ ‘ಆದ್ದರಿಂದ ಇದನ್ನು ಮಿತವಾಗಿ ಬಳಸಬೇಕು’ ಎಂದು ಮುಗಿಸಿಬಿಡುತ್ತಾನೆ. ಅಲ್ಲಿ ತೂಗುವ ಕೆಲಸವೇ ನಡೆದಿರುವುದಿಲ್ಲ. ತೂಗುವುದಕ್ಕೆ ಕೈಗೆ ಸಿಗುವ ವಸ್ತು, ಲೆಕ್ಕಕ್ಕೆ ಸಿಗುವ ಹಣ ಮತ್ತು ನಿಜವಾಗಿ ಕೈಗೊಳ್ಳಬೇಕಾದ ಒಂದು ತೀರ್ಮಾನ ಬೇಕು.

ತಮಿಳುನಾಡಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಅಂಥ ವಿಷಯವೊಂದು ತೀರ ಹತ್ತಿರದಲ್ಲಿದೆ. ತಾಳವಾಡಿಯಿಂದ ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು ಸತ್ಯಮಂಗಲವನ್ನು ದಾಟಿ ತೆಂಕಣಕ್ಕೆ ಸಾಗಿದರೆ ಸಿಗುವ ತಿರುಪ್ಪೂರು ಭಾರತದ ಹೆಣೆದ ಉಡುಪಿನ ಉದ್ಯಮಕ್ಕೆ ಹೆಸರಾದ ನಗರ. ಅಲ್ಲಿನ ‘ಬನಿಯನ್ ಕಂಪನಿ’ ಎಂಬ ಮಾತು ಈ ಭಾಗದ ಮಕ್ಕಳಿಗೆ ಹೊಸದಲ್ಲ. ಶಾಲೆಯ ಕ್ರೀಡಾಕೂಟ, ಊರಿನ ಹಬ್ಬ, ಗೆಳೆಯರ ತಂಡ ಎಲ್ಲಕ್ಕೂ ಇಂದು ಅಕ್ಷರ ಮುದ್ರಿಸಿದ ಟೀ ಶರ್ಟ್ ಬೇಕಾಗಿದೆ. ಆ ಅಕ್ಷರವು ಅಂಗಿಯ ಮೇಲೆ ಹೇಗೆ ಬಂತು, ಬೇರೆ ದಾರಿಯಿಂದ ಬರಬಹುದಾಗಿತ್ತೆ, ಯಾವ ದಾರಿ ಯಾವಾಗ ಒಳ್ಳೆಯದು ಎಂಬ ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಿ ಕನ್ನಡದಲ್ಲಿಯೇ ಉತ್ತರಿಸುವುದು ಈ ಪಾಠದ ಉದ್ದೇಶ.

ಪಾಠದ ಉದ್ದೇಶಗಳು

ಈ ಪಾಠವನ್ನು ಮುಗಿಸಿದ ವಿದ್ಯಾರ್ಥಿಯು
1. ಪರದೆ ಮುದ್ರಣದ ತತ್ತ್ವವನ್ನೂ ಹಂತಗಳನ್ನೂ ಕ್ರಮವಾಗಿ ವಿವರಿಸುವನು.
2. ಅದರ ಗುಣದೋಷಗಳನ್ನು ‘ಯಾವಾಗ, ಯಾರಿಗೆ, ಯಾವುದರೊಡನೆ ಹೋಲಿಸಿದರೆ’ ಎಂಬ ಉಪಾಧಿಗಳೊಡನೆ ಬರೆಯುವನು.
3. ಸರಳ ಲೆಕ್ಕದ ಆಧಾರದಿಂದ ತನ್ನ ನಿರ್ಣಯವನ್ನು ಸಮರ್ಥಿಸುವನು.
4. ಮುದ್ರಣಕ್ಕೆ ಹೋಗುವ ಕನ್ನಡ ಬರಹದ ಕರಡನ್ನು ತಿದ್ದುವನು.

ವಿಷಯ ನಿರೂಪಣೆ

ಅ) ಮೂಲ ತತ್ತ್ವ

ಪರದೆ ಮುದ್ರಣವೆಂದರೆ ಅಂಗಡಿಯ ಮಾತಿನಲ್ಲಿ ಸ್ಕ್ರೀನ್ ಪ್ರಿಂಟಿಂಗ್. ಇದರ ತತ್ತ್ವ ಮಕ್ಕಳಿಗೆ ಈಗಾಗಲೇ ಗೊತ್ತಿದೆ. ರಂಧ್ರಗಳಿರುವ ರಂಗೋಲಿ ತಟ್ಟೆಯ ಮೇಲೆ ಪುಡಿ ಸವರಿದರೆ ತೂತು ಇದ್ದಲ್ಲಿ ಪುಡಿ ಇಳಿಯುತ್ತದೆ, ಇಲ್ಲದಲ್ಲಿ ಇಳಿಯುವುದಿಲ್ಲ. ಧಾನ್ಯದ ಮೂಟೆಗಳ ಮೇಲೆ ಗುರುತು ಹಾಕುವ ತಗಡಿನ ಅಚ್ಚೂ ಇದೇ ಬಗೆಯದು. ಆದರೆ ಕೊರೆದ ತಗಡಿಗೆ ಒಂದು ತೊಡಕಿದೆ. ‘ಠ’ ಅಕ್ಷರವನ್ನು ಕೊರೆದರೆ ಸುತ್ತಲಿನ ಬಳೆ ಕತ್ತರಿಸಿದೊಡನೆ ಒಳಗಿನ ಭಾಗವೆಲ್ಲ ಕಳಚಿ ಬೀಳುತ್ತದೆ. ಸೊನ್ನೆಗೂ ಇದೇ ಗತಿ. ದುಂಡಾದ ಅಕ್ಷರಗಳೇ ಹೆಚ್ಚಾಗಿರುವ ಕನ್ನಡಕ್ಕೆ ಇದು ದೊಡ್ಡ ಅಡಚಣೆ.

ಈ ಅಡಚಣೆಯನ್ನು ನೀಗಿಸುವುದು ಜಾಲರಿ. ಚೌಕಟ್ಟಿಗೆ ಬಿಗಿದ ಸೂಕ್ಷ್ಮ ಜಾಲರಿ ಬಟ್ಟೆಗೆ ಅಚ್ಚನ್ನು ಅಂಟಿಸಿದರೆ ಒಳಗಿನ ತುಂಡು ಬೀಳದೆ ಜಾಲರಿಯಲ್ಲಿಯೇ ನಿಲ್ಲುತ್ತದೆ. ಬಣ್ಣ ಮಾತ್ರ ಎಳೆಗಳ ನಡುವಣ ಕಿಂಡಿಗಳಿಂದ ಕೆಳಗಿಳಿಯುತ್ತದೆ. ಮೊದಲಿಗೆ ಈ ಜಾಲರಿಗೆ ರೇಷ್ಮೆಯನ್ನು ಬಳಸುತ್ತಿದ್ದುದರಿಂದ ‘ಸಿಲ್ಕ್ ಸ್ಕ್ರೀನ್’ ಎಂಬ ಹೆಸರು ಬಂದಿತು. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ 1907ರಲ್ಲಿ ರೇಷ್ಮೆ ಪರದೆಯ ಮುದ್ರಣಕ್ಕೆ ಹಕ್ಕುಸ್ವಾಮ್ಯ ಪಡೆದನು. ಇಂದು ಒದ್ದೆಯಾದರೂ ಸಡಿಲಗೊಳ್ಳದ ಪಾಲಿಯೆಸ್ಟರ್ ಜಾಲರಿಯೇ ಬಳಕೆಯಲ್ಲಿದೆ.

ಆ) ಕೆಲಸದ ಹಂತಗಳು

1. ಚಿತ್ರ ಅಥವಾ ಬರಹವನ್ನು ಪಾರದರ್ಶಕ ಹಾಳೆಯ ಮೇಲೆ ಅಚ್ಚ ಕಪ್ಪಿನಲ್ಲಿ ಸಿದ್ಧಪಡಿಸುವುದು. ಇದನ್ನು ಫಿಲ್ಮ್ ಎನ್ನುತ್ತಾರೆ. ಬಣ್ಣವೊಂದಕ್ಕೆ ಒಂದು ಫಿಲ್ಮ್ ಬೇಕು.
2. ಜಾಲರಿಗೆ ಬೆಳಕಿಗೆ ಸ್ಪಂದಿಸುವ ಎಮಲ್ಷನ್ ಎಂಬ ಅಂಟನ್ನು ಮಬ್ಬು ಕೋಣೆಯಲ್ಲಿ ತೆಳುವಾಗಿ ಬಳಿದು ಒಣಗಿಸುವುದು.
3. ಫಿಲ್ಮನ್ನು ಅದಕ್ಕೆ ಒತ್ತಿಟ್ಟು ಬೆಳಕು ಹಾಯಿಸುವುದು. ಬೆಳಕು ಬಿದ್ದಲ್ಲಿ ಅಂಟು ಗಟ್ಟಿಯಾಗುತ್ತದೆ. ಕಪ್ಪು ಮರೆಮಾಡಿದ ಕಡೆ ಮೆತ್ತಗೆಯೇ ಉಳಿಯುತ್ತದೆ.
4. ನೀರಿನಿಂದ ತೊಳೆದಾಗ ಮೆತ್ತನೆಯ ಭಾಗ ಕರಗಿಹೋಗಿ ಅಕ್ಷರದ ಆಕಾರದ ಕಿಂಡಿಗಳು ತೆರೆಯುತ್ತವೆ.
5. ಹಲಗೆಗೆ ತೊಡಿಸಿದ ಅಂಗಿಯ ಮೇಲೆ ಪರದೆಯನ್ನಿಟ್ಟು, ರಬ್ಬರ್ ಅಂಚಿನ ಸ್ಕ್ವೀಜಿಯಿಂದ ಬಣ್ಣವನ್ನು ಎಳೆಯುವುದು.
6. ಬಿಸಿ ಗಾಳಿಯಿಂದ ಅಥವಾ ಶಾಖಯಂತ್ರದಿಂದ ಬಣ್ಣವನ್ನು ಹದಗೊಳಿಸುವುದು. ಪ್ಲಾಸ್ಟಿಸಾಲ್ ಎಂಬ ಬಣ್ಣಕ್ಕೆ ಸುಮಾರು 160 ಡಿಗ್ರಿ ಸೆಲ್ಸಿಯಸ್ ಶಾಖ ಬೇಕಾಗುತ್ತದೆ.

ಮೊದಲ ನಾಲ್ಕು ಹಂತಗಳು ಒಂದು ಅಂಗಿಗಾದರೂ ಒಂದು ಸಾವಿರ ಅಂಗಿಗಾದರೂ ಒಮ್ಮೆಯೇ ನಡೆಯುತ್ತವೆ. ಕೊನೆಯ ಎರಡು ಹಂತಗಳು ಪ್ರತಿ ಅಂಗಿಗೂ ನಡೆಯುತ್ತವೆ. ಈ ವಿಭಜನೆಯನ್ನು ಕಪ್ಪುಹಲಗೆಯ ಮೇಲೆ ಗೆರೆ ಎಳೆದು ತೋರಿಸಬೇಕು. ಮುಂದೆ ಬರುವ ಸಾಧಕ-ಬಾಧಕಗಳ ಬಹುಪಾಲು ಈ ಗೆರೆಯಿಂದಲೇ ಹುಟ್ಟುತ್ತದೆ.

ಇ) ಸಾಧಕಗಳು

ಮೊದಲನೆಯದು ಬಣ್ಣದ ಗಟ್ಟಿತನ. ಜಾಲರಿಯ ಮೂಲಕ ಇಳಿಯುವ ಬಣ್ಣದ ಪದರವು ದಪ್ಪವಾಗಿರುವುದರಿಂದ ಕಪ್ಪು ಅಥವಾ ಕಡುನೀಲಿ ಅಂಗಿಯ ಮೇಲೂ ಬಿಳಿ, ಹಳದಿ ಅಕ್ಷರಗಳು ಎದ್ದು ಕಾಣುತ್ತವೆ. ಗಾಢ ಬಟ್ಟೆಯ ಮೇಲೆ ಮೊದಲು ಬಿಳಿಯ ತಳಪದರವನ್ನು ಹಾಕಿ, ಬಿಸಿ ತಗುಲಿಸಿ, ಅದರ ಮೇಲೆ ಬಣ್ಣವನ್ನು ಹಾಕುವ ರೂಢಿಯೂ ಇದೆ.

ಎರಡನೆಯದು ಬಾಳಿಕೆ. ಶಾಖ ಸರಿಯಾಗಿ ತಗುಲಿದ ಮುದ್ರಣವು ಹಲವಾರು ಒಗೆತಗಳನ್ನು ತಡೆಯುತ್ತದೆ. ಇಲ್ಲಿ ‘ಸರಿಯಾಗಿ ತಗುಲಿದ’ ಎಂಬ ಉಪಾಧಿ ಮುಖ್ಯ. ಮೇಲ್ಪದರ ಒಣಗಿ ಒಳಪದರ ಹಸಿಯಾಗಿ ಉಳಿದರೆ ಕೆಲವೇ ಒಗೆತಗಳಲ್ಲಿ ಬಣ್ಣ ಬಿರಿದು ಉದುರುತ್ತದೆ. ಮುದ್ರಿತ ಭಾಗವನ್ನು ಎರಡು ಕೈಗಳಿಂದ ಮೆಲ್ಲನೆ ಎಳೆದು ನೋಡಿದಾಗ ಬಿರುಕು ಕಂಡರೆ ಅದಕ್ಕೆ ಶಾಖ ಸಾಲದೆಂದು ಊಹಿಸಬಹುದು.

ಮೂರನೆಯದು ಸಂಖ್ಯೆ ಹೆಚ್ಚಿದಂತೆ ಇಳಿಯುವ ವೆಚ್ಚ. ಸಿದ್ಧತೆಯ ಹೊರೆ ಎಲ್ಲ ಅಂಗಿಗಳಿಗೂ ಹಂಚಿಹೋಗುವುದರಿಂದ ಒಂದೇ ವಿನ್ಯಾಸದ ದೊಡ್ಡ ಬೇಡಿಕೆಗೆ ಈ ವಿಧಾನ ಅಗ್ಗವಾಗುತ್ತದೆ.

ನಾಲ್ಕನೆಯದು ಸಲಕರಣೆಯ ಸರಳತೆ. ದೊಡ್ಡ ಕಾರ್ಖಾನೆಗಳಲ್ಲಿ ಸ್ವಯಂಚಾಲಿತ ಯಂತ್ರಗಳಿದ್ದರೂ, ಒಂದು ಚೌಕಟ್ಟು, ಒಂದು ಮೇಜು, ಒಂದು ಸ್ಕ್ವೀಜಿ ಇದ್ದರೆ ಸಣ್ಣ ಊರಿನಲ್ಲಿಯೂ ಕೆಲಸ ನಡೆಯುತ್ತದೆ. ಮದುವೆಯ ಕರೆಯೋಲೆ, ಬಟ್ಟೆ ಚೀಲ, ಬ್ಯಾನರುಗಳನ್ನು ಮುದ್ರಿಸುವ ಅಂಗಡಿಯವರು ಅದೇ ಕೌಶಲದಿಂದ ಅಂಗಿಯನ್ನೂ ಮುದ್ರಿಸಬಲ್ಲರು.

ಈ) ಬಾಧಕಗಳು

ಬೇಡಿಕೆ ಸಣ್ಣದಾದರೆ ಸಿದ್ಧತೆಯ ಹೊರೆಯೆಲ್ಲ ಕೆಲವೇ ಅಂಗಿಗಳ ಮೇಲೆ ಬೀಳುತ್ತದೆ. ಪ್ರತಿ ಆಟಗಾರನ ಹೆಸರನ್ನು ಬೇರೆ ಬೇರೆಯಾಗಿ ಮುದ್ರಿಸಬೇಕಾದರೆ ಹೆಸರಿಗೊಂದು ಪರದೆ ಬೇಕಾಗುವುದರಿಂದ ಅದು ಈ ವಿಧಾನಕ್ಕೆ ಹೇಳಿದ ಕೆಲಸವಲ್ಲ.

ಬಣ್ಣ ಹೆಚ್ಚಿದಂತೆ ಪರದೆಗಳೂ ಹೆಚ್ಚುತ್ತವೆ. ಎರಡನೆಯ ಬಣ್ಣ ಮೊದಲನೆಯದರ ಪಕ್ಕದಲ್ಲಿ ಕೂದಲೆಳೆಯಷ್ಟು ಸರಿದರೂ ಕಣ್ಣಿಗೆ ತೋರುತ್ತದೆ. ಭಾವಚಿತ್ರದಂತಹ ಮೆಲುವರ್ಣಗಳ ಚಿತ್ರವನ್ನು ಸಣ್ಣ ಚುಕ್ಕಿಗಳಾಗಿ ಒಡೆದು ಮುದ್ರಿಸಬಹುದಾದರೂ ಅದಕ್ಕೆ ನುರಿತ ಕೈಯೂ ನವಿರಾದ ಜಾಲರಿಯೂ ಬೇಕು.

ದಪ್ಪ ಪದರವು ಅಕ್ಷರಕ್ಕೆ ಹೊಳಪು ಕೊಟ್ಟಂತೆಯೇ ಮೈಗೆ ಸೆಕೆಯನ್ನೂ ಕೊಡುತ್ತದೆ. ಪ್ಲಾಸ್ಟಿಸಾಲ್ ಪಿ.ವಿ.ಸಿ. ಜಾತಿಯ ಬಣ್ಣ, ಎಳೆಗಳ ಒಳಗಿಳಿಯದೆ ಬಟ್ಟೆಯ ಮೇಲೆ ಪೊರೆಯಾಗಿ ಕೂರುತ್ತದೆ. ಎದೆಯಗಲ ಮುದ್ರಿಸಿದ ಅಂಗಿಯನ್ನು ತೊಟ್ಟು ಬಿಸಿಲಿನಲ್ಲಿ ಆಡುವ ಹುಡುಗನ ಬೆವರು ಆ ಭಾಗದಲ್ಲಿ ಆರುವುದಿಲ್ಲ. ಅದರ ಮೇಲೆ ನೇರವಾಗಿ ಇಸ್ತ್ರಿ ಇಟ್ಟರೆ ಬಣ್ಣ ಕರಗಿ ಅಂಟುತ್ತದೆ. ನೀರಿನಲ್ಲಿ ಕಲಸಿದ ಬಣ್ಣಗಳು ಬಟ್ಟೆಯೊಳಗೆ ಇಳಿದು ಮೃದುವಾಗಿರುತ್ತವೆ; ಆದರೆ ಅವು ಗಾಢ ಬಟ್ಟೆಯ ಮೇಲೆ ಸುಲಭವಾಗಿ ಎದ್ದು ಕಾಣುವುದಿಲ್ಲ, ಪರದೆಯ ಕಿಂಡಿಗಳಲ್ಲಿ ಬೇಗನೆ ಒಣಗಿ ಕಟ್ಟಿಕೊಳ್ಳುತ್ತವೆ.

ಬಟ್ಟೆಯ ಜಾತಿಯನ್ನೂ ಗಮನಿಸಬೇಕು. ಕ್ರೀಡಾಕೂಟಕ್ಕೆ ಕೊಳ್ಳುವ ಹಗುರವಾದ ಅಂಗಿಗಳು ಬಹುಮಟ್ಟಿಗೆ ಪಾಲಿಯೆಸ್ಟರಿನವು. ಕೆಂಪು ಪಾಲಿಯೆಸ್ಟರ್ ಅಂಗಿಯ ಮೇಲೆ ಬಿಳಿ ಅಕ್ಷರವನ್ನು ಮುದ್ರಿಸಿ ಹೆಚ್ಚು ಶಾಖ ಕೊಟ್ಟರೆ ಬಟ್ಟೆಯ ಕೆಂಪು ಮೇಲೇರಿ ಬಿಳಿಯು ನಸುಗೆಂಪಾಗುತ್ತದೆ. ಆದುದರಿಂದ ಅಂಗಿಯನ್ನು ಕೊಳ್ಳುವ ಮೊದಲೇ ಮುದ್ರಣದವರನ್ನು ಕೇಳುವುದು ಒಳಿತು.

ಕೊನೆಯದು ನೀರು ಮತ್ತು ರಾಸಾಯನಿಕಗಳ ಪ್ರಶ್ನೆ. ಪರದೆಯನ್ನು ಪ್ರತಿಸಲ ತೊಳೆಯಬೇಕು. ಬಣ್ಣ, ಅಂಟು, ಅವನ್ನು ಬಿಡಿಸುವ ದ್ರಾವಣಗಳೆಲ್ಲ ಚರಂಡಿಯ ದಾರಿ ಹಿಡಿಯುತ್ತವೆ. ಹಳೆಯ ಬಗೆಯ ಎಮಲ್ಷನ್ನಿಗೆ ಬೆರೆಸುವ ಬೈಕ್ರೋಮೇಟ್ ಲವಣವು ಕ್ರೋಮಿಯಂ ಇರುವ ವಿಷವಸ್ತು. ಚರ್ಮವನ್ನು ಕೆರಳಿಸುವುದಲ್ಲದೆ ಕ್ಯಾನ್ಸರಿಗೂ ಕಾರಣವಾಗಬಲ್ಲುದು. ಸೀಮೆಎಣ್ಣೆ, ಟರ್ಪೆಂಟೈನ್ ಮೊದಲಾದ ದ್ರಾವಕಗಳ ಆವಿ ಗಾಳಿಯಾಡದ ಕೋಣೆಯಲ್ಲಿ ತಲೆನೋವು ತರುತ್ತದೆ, ಬೆಂಕಿಯ ಭಯವೂ ಇರುತ್ತದೆ.

ಈ ಸಂದರ್ಭದಲ್ಲಿ ನೊಯ್ಯಲ್ ನದಿಯ ವಿಚಾರವನ್ನು ತಿಳಿಸುವುದು ಯುಕ್ತ. ತಿರುಪ್ಪೂರಿನ ಬಣ್ಣಗಾರಿಕೆ ಮತ್ತು ಬಿಳುಪು ಮಾಡುವ ಘಟಕಗಳ ತ್ಯಾಜ್ಯದಿಂದ ಈ ನದಿಯೂ ಅದರ ಕೆಳಗಣ ಹೊಲಗಳೂ ಕೆಟ್ಟವು. ರೈತರ ದೀರ್ಘ ಹೋರಾಟದ ಬಳಿಕ 2011ರ ಜನವರಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ಆ ಘಟಕಗಳನ್ನು ಮುಚ್ಚಲು ಆದೇಶಿಸಿತು. ತ್ಯಾಜ್ಯ ನೀರನ್ನು ಹೊರಬಿಡದೆ ಶುದ್ಧೀಕರಿಸಿ ಮರಳಿ ಬಳಸುವ ವ್ಯವಸ್ಥೆ ಕಡ್ಡಾಯವಾಯಿತು. ಇಲ್ಲಿ ಶಿಕ್ಷಕರು ಒಂದು ಭೇದವನ್ನು ಸ್ಪಷ್ಟಪಡಿಸಬೇಕು. ನದಿಯನ್ನು ಕೆಡಿಸಿದ ಮುಖ್ಯ ಹೊರೆ ಇಡೀ ಬಟ್ಟೆಯನ್ನು ಬಣ್ಣದ ನೀರಿನಲ್ಲಿ ಅದ್ದುವ ಕೆಲಸದ್ದು. ಪರದೆ ಮುದ್ರಣದಲ್ಲಿ ಬಳಕೆಯಾಗುವ ನೀರು ಅದಕ್ಕಿಂತ ಕಡಿಮೆ. ಒಂದರ ದೋಷವನ್ನು ಇನ್ನೊಂದರ ತಲೆಗೆ ಕಟ್ಟುವುದು ವಿಚಾರ ಬರವಣಿಗೆಯಲ್ಲಿ ಸಲ್ಲದು. ಕಡಿಮೆ ಎಂದ ಮಾತ್ರಕ್ಕೆ ಇಲ್ಲವೆಂದೂ ಅರ್ಥವಲ್ಲ.

ಉ) ಹೋಲಿಕೆಗೆ ನಿಲ್ಲುವ ಇತರ ವಿಧಾನಗಳು

ಸಾಧಕ-ಬಾಧಕ ಎಂಬ ಮಾತಿಗೆ ಅರ್ಥ ಬರಬೇಕಾದರೆ ಪಕ್ಕದಲ್ಲಿ ಇನ್ನೊಂದು ವಿಧಾನವಿರಬೇಕು. ಡಿ.ಟಿ.ಜಿ. ಎಂಬುದು ಕಾಗದದ ಮೇಲೆ ಮುದ್ರಿಸುವಂತೆ ಅಂಗಿಯ ಮೇಲೆಯೇ ಶಾಯಿ ಚಿಮ್ಮಿಸುವ ಯಂತ್ರ. ಹತ್ತಿ ಬಟ್ಟೆಗೂ ಬಹುವರ್ಣದ ಚಿತ್ರಕ್ಕೂ ಒಪ್ಪುತ್ತದೆ. ಡಿ.ಟಿ.ಎಫ್. ಎಂಬುದರಲ್ಲಿ ಚಿತ್ರವನ್ನು ಮೊದಲು ಹಾಳೆಯ ಮೇಲೆ ಮುದ್ರಿಸಿ ಶಾಖದಿಂದ ಬಟ್ಟೆಗೆ ವರ್ಗಾಯಿಸುತ್ತಾರೆ. ಸಬ್ಲಿಮೇಷನ್ ಪಾಲಿಯೆಸ್ಟರಿಗೆ, ಅದರಲ್ಲಿಯೂ ತಿಳಿಬಣ್ಣದ ಬಟ್ಟೆಗೆ ಮಾತ್ರ ಸಲ್ಲುತ್ತದೆ. ಬಣ್ಣ ಎಳೆಯೊಳಗೆ ಸೇರುವುದರಿಂದ ಕೈಗೆ ಪದರವೇ ತಗುಲುವುದಿಲ್ಲ. ಈ ಮೂರಕ್ಕೂ ಪರದೆಯ ಸಿದ್ಧತೆ ಬೇಕಿಲ್ಲ. ಒಂದೇ ಅಂಗಿಯನ್ನೂ ಮುದ್ರಿಸಬಹುದು. ಆದರೆ ಅಂಗಿಯೊಂದಕ್ಕೆ ತಗಲುವ ವೆಚ್ಚ ಸಂಖ್ಯೆ ಹೆಚ್ಚಿದರೂ ಹೆಚ್ಚೇನೂ ಇಳಿಯುವುದಿಲ್ಲ.

ಊ) ಲೆಕ್ಕದ ಮೂಲಕ ನಿರ್ಣಯ

ಕೆಳಗಿನ ದರಗಳು ಅಭ್ಯಾಸಕ್ಕಾಗಿ ಕಲ್ಪಿಸಿಕೊಂಡವು. ಶಿಕ್ಷಕರು ತಮ್ಮ ಊರಿನ ಅಂಗಡಿಯ ದರಗಳನ್ನು ವಿದ್ಯಾರ್ಥಿಗಳಿಂದಲೇ ವಿಚಾರಿಸಿ ತರಿಸಿ ಇವುಗಳ ಸ್ಥಾನದಲ್ಲಿ ಬರೆಯಿಸಬೇಕು.

ಪರದೆ ಮುದ್ರಣ: ಬಣ್ಣವೊಂದಕ್ಕೆ ಸಿದ್ಧತೆಯ ವೆಚ್ಚ 600 ರೂಪಾಯಿ, ಮುದ್ರಿಸುವ ಕೂಲಿ ಪ್ರತಿ ಅಂಗಿಗೆ, ಪ್ರತಿ ಬಣ್ಣಕ್ಕೆ 20 ರೂಪಾಯಿ.
ಶಾಖ ವರ್ಗಾವಣೆ: ಸಿದ್ಧತೆಯ ವೆಚ್ಚವಿಲ್ಲ, ಎಷ್ಟು ಬಣ್ಣವಿದ್ದರೂ ಅಂಗಿಯೊಂದಕ್ಕೆ 80 ರೂಪಾಯಿ.

ಒಂದೇ ಬಣ್ಣದ ವಿನ್ಯಾಸವಾದರೆ ಪರದೆ ಮುದ್ರಣದಲ್ಲಿ 1 ಅಂಗಿಗೆ 620 ರೂಪಾಯಿ ತಗಲುತ್ತದೆ. 10 ಅಂಗಿಗಳಾದರೆ ಒಂದಕ್ಕೆ 80, 60 ಅಂಗಿಗಳಾದರೆ ಒಂದಕ್ಕೆ 30, 300 ಅಂಗಿಗಳಾದರೆ ಒಂದಕ್ಕೆ 22 ರೂಪಾಯಿ ಬೀಳುತ್ತದೆ. ಎಂದರೆ 10 ಅಂಗಿಗಳಲ್ಲಿ ಎರಡೂ ವಿಧಾನಗಳು ಸಮ. ಅದಕ್ಕಿಂತ ಹೆಚ್ಚಾದರೆ ಪರದೆ ಮುದ್ರಣವೇ ಲಾಭ. ಎರಡು ಬಣ್ಣಗಳಾದರೆ ಈ ಸಮಬಿಂದು 30 ಅಂಗಿಗಳಿಗೆ ಏರುತ್ತದೆ. ಮೂರು ಬಣ್ಣಗಳಾದರೆ 90ಕ್ಕೆ. ನಾಲ್ಕು ಬಣ್ಣಗಳಾದಾಗ ಕೂಲಿಯೇ 80 ರೂಪಾಯಿಯಾಗುವುದರಿಂದ ಎಷ್ಟು ಅಂಗಿಗಳಾದರೂ ಪರದೆ ಮುದ್ರಣ ಗೆಲ್ಲುವುದಿಲ್ಲ.

60 ಮಕ್ಕಳಿರುವ ಶಾಲೆಯು ಈ ದರಗಳಲ್ಲಿ ಒಂದು ಬಣ್ಣಕ್ಕೆ 1800, ಎರಡು ಬಣ್ಣಗಳಿಗೆ 3600, ಮೂರು ಬಣ್ಣಗಳಿಗೆ 5400 ರೂಪಾಯಿ ಕೊಡಬೇಕಾಗುತ್ತದೆ. ಶಾಖ ವರ್ಗಾವಣೆಗಾದರೆ 4800. ಮೂರನೆಯ ಬಣ್ಣವನ್ನು ಬಿಟ್ಟರೆ ಉಳಿಯುವ ಹಣವೆಷ್ಟು, ಆ ಬಣ್ಣ ನಿಜವಾಗಿ ಬೇಕೇ ಎಂಬ ಚರ್ಚೆಗೆ ತರಗತಿಯನ್ನು ಬಿಡಬೇಕು. ‘ಪರದೆ ಮುದ್ರಣ ಅಗ್ಗ’ ಎಂಬ ವಾಕ್ಯವು ಸತ್ಯವೂ ಅಲ್ಲ, ಸುಳ್ಳೂ ಅಲ್ಲ. ಅಪೂರ್ಣ ಎಂಬುದು ಈ ಲೆಕ್ಕದಿಂದ ಮಕ್ಕಳಿಗೆ ತಾನಾಗಿ ಹೊಳೆಯುತ್ತದೆ. ವಿನ್ಯಾಸದಲ್ಲಿ ಇಸವಿಯನ್ನು ಸೇರಿಸದಿದ್ದರೆ ಅದೇ ಫಿಲ್ಮನ್ನು ಕಾಪಾಡಿಟ್ಟು ಮುಂದಿನ ವರ್ಷವೂ ಬಳಸಬಹುದೆಂಬುದನ್ನು ಕೆಲವರು ತಾವೇ ಕಂಡುಕೊಳ್ಳಬಹುದು.

ಋ) ಕನ್ನಡ ಲಿಪಿ ಮತ್ತು ಪರದೆ

ಗಡಿಯಾಚೆಯ ಕನ್ನಡ ಶಾಲೆಗಳಿಗೆ ಈ ಭಾಗವೇ ಎಲ್ಲಕ್ಕಿಂತ ಮುಖ್ಯವಾದುದು. ಶಾಲೆಯ ಹೆಸರನ್ನು ಕನ್ನಡದಲ್ಲಿ ಮುದ್ರಿಸಲು ಹೋದಾಗ ಅಂಗಡಿಯವರಿಗೆ ಕನ್ನಡ ಬರದಿರುವುದೂ ಅವರ ಕಂಪ್ಯೂಟರಿನಲ್ಲಿ ಕನ್ನಡದ ಫಾಂಟ್ ಇಲ್ಲದಿರುವುದೂ ಸಾಮಾನ್ಯ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಿದ್ಧಪಡಿಸಿದ ಕಡತವನ್ನು ಅವು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರಗಳ ಗೋಜಲು ಕಾಣುತ್ತದೆ. ಯೂನಿಕೋಡ್ ಬರಹವಾದರೂ ಕೆಲವು ಹಳೆಯ ವಿನ್ಯಾಸ ತಂತ್ರಾಂಶಗಳಲ್ಲಿ ಒತ್ತಕ್ಷರಗಳು ಕಳಚಿ ಬೇರೆಯಾಗುತ್ತವೆ. ಕೊನೆಗೆ ‘ಇಂಗ್ಲಿಷಿನಲ್ಲೇ ಹಾಕಿಬಿಡೋಣ’ ಎಂಬಲ್ಲಿಗೆ ಮಾತು ಮುಗಿಯುವುದುಂಟು.

ಹಾಗೆ ಸೋಲಬೇಕಾದ ಅಗತ್ಯವಿಲ್ಲ. ಪರದೆಗೆ ಭಾಷೆಯ ಅರಿವಿಲ್ಲ. ಫಿಲ್ಮಿನ ಮೇಲೆ ಕಪ್ಪಾಗಿರುವುದೆಲ್ಲವೂ ಅದಕ್ಕೆ ಒಂದೇ. ಟ್ರೇಸಿಂಗ್ ಹಾಳೆಯ ಮೇಲೆ ಅಚ್ಚ ಕಪ್ಪು ಶಾಯಿಯಿಂದ ವಿದ್ಯಾರ್ಥಿಯೊಬ್ಬಳು ದುಂಡಾಗಿ ಬರೆದುದೇ ಫಿಲ್ಮ್ ಆಗಬಲ್ಲುದು. ಫಾಂಟ್ ಬೇಡ, ಕಂಪ್ಯೂಟರೂ ಬೇಡ. ಕಂಪ್ಯೂಟರಿನಲ್ಲಿಯೇ ಸಿದ್ಧಪಡಿಸುವುದಾದರೆ ಅಕ್ಷರಗಳನ್ನು ಚಿತ್ರರೇಖೆಗಳಾಗಿ ಬದಲಾಯಿಸಿದ ಅಥವಾ ಫಾಂಟನ್ನು ಒಳಗೊಂಡ ಪಿ.ಡಿ.ಎಫ್. ಕಡತವನ್ನು ಕೊಡಬೇಕು.

ಪರದೆಗೆ ಭಾಷೆಯ ಅರಿವಿಲ್ಲದಿರುವುದು ಅನುಕೂಲವಾದಂತೆಯೇ ಅಪಾಯವೂ ಹೌದು. ಕನ್ನಡ ಓದಲು ಬಾರದವರ ಕೈಯಲ್ಲಿ ತಪ್ಪು ಯಾರ ಕಣ್ಣಿಗೂ ಬೀಳದೆ ಮುಂದೆ ಹೋಗುತ್ತದೆ. ಒಂದು ಫಿಲ್ಮಿನ ಒಂದು ತಪ್ಪು 60 ಅಂಗಿಗಳ ಮೇಲೆ 60 ತಪ್ಪಾಗುತ್ತದೆ. ಕೆಳಗಿನ ಅಂಶಗಳನ್ನು ಶಾಲೆಯವರೇ ನೋಡಿಕೊಳ್ಳತಕ್ಕದ್ದು:

1. ಮಹಾಪ್ರಾಣದ ಸೀಳು: ದ-ಧ, ಡ-ಢ, ಬ-ಭ ಇವುಗಳ ನಡುವಣ ಭೇದವೆಲ್ಲ ಕೆಳಗಿನ ಸಣ್ಣ ಗೆರೆಯಲ್ಲಿದೆ. ಆ ಗೆರೆ ಪರದೆಯಲ್ಲಿ ತೆರೆಯದೆ ಹೋದರೆ ‘ವಿದ್ಯಾಧನ’ವು ‘ವಿದ್ಯಾದನ’ವಾಗುತ್ತದೆ. ಹೊಟ್ಟೆ ಸೀಳುವ ಗೆರೆಯನ್ನು ಬೇಕೆಂದೇ ಸ್ವಲ್ಪ ದಪ್ಪಗೊಳಿಸಬೇಕು.
2. ಒತ್ತಕ್ಷರದ ಗಾತ್ರ: ಟೀ ಶರ್ಟಿಗೆ ಸಾಮಾನ್ಯವಾಗಿ ಬಳಸುವ ಜಾಲರಿಯಲ್ಲಿ ಸೆಂಟಿಮೀಟರಿಗೆ 43 ಎಳೆಗಳಿರುತ್ತವೆ. ಎಂದರೆ ಒಂದು ಎಳೆಯಿಂದ ಮುಂದಿನ ಎಳೆಗೆ ಸುಮಾರು 0.23 ಮಿಲಿಮೀಟರ್. ಅಷ್ಟೇ ತೆಳುವಾದ ಗೆರೆ ಎಳೆಯ ಮರೆಯಲ್ಲಿ ಮುಚ್ಚಿಹೋಗಬಹುದು. ‘ರಾಷ್ಟ್ರ’ದಂತಹ ಇಮ್ಮಡಿ ಒತ್ತಿನ ಪದಗಳಲ್ಲಿ ಒತ್ತಿನ ಗೆರೆ ಒಂದು ಮಿಲಿಮೀಟರಿಗಿಂತ ತೆಳುವಾಗದಂತೆ ಅಕ್ಷರವನ್ನು ದೊಡ್ಡದಾಗಿಸುವುದು ಕ್ಷೇಮ.
3. ಸಾಲುಗಳ ಅಂತರ: ಮೇಲಿನ ಸಾಲಿನ ಒತ್ತಕ್ಷರವೂ ಕೆಳಗಿನ ಸಾಲಿನ ಗುಡಿಸೂ ಒಂದಕ್ಕೊಂದು ತಾಗಬಾರದು. ಇಂಗ್ಲಿಷ್ ಬರಹಕ್ಕೆ ಸಾಕಾಗುವ ಅಂತರ ಕನ್ನಡಕ್ಕೆ ಸಾಲದು.
4. ಎಡ-ಬಲ: ಫಿಲ್ಮನ್ನು ಮಗುಚಿ ಇಟ್ಟರೆ ಬರಹ ಕನ್ನಡಿಯಲ್ಲಿ ಕಂಡಂತೆ ಬರುತ್ತದೆ. ಲಿಪಿ ಬಲ್ಲವರಿಗೆ ಇದು ಕೂಡಲೇ ತಿಳಿಯುತ್ತದೆ, ಬಾರದವರಿಗೆ ತಿಳಿಯದೆ ಹೋಗಬಹುದು. ಫಿಲ್ಮಿನ ಮೂಲೆಯಲ್ಲಿ ‘ಮೇಲ್ಮುಖ’ ಎಂಬುದಕ್ಕೆ ಗುರುತು ಹಾಕಿ, ಅದನ್ನು ತಮಿಳಿನಲ್ಲಿಯೂ ಬರೆದುಕೊಡಬೇಕು.
5. ಮೊದಲ ಅಚ್ಚು: ಹಳೆಯ ಬಟ್ಟೆಯ ಮೇಲೆ ಮೊದಲ ಅಚ್ಚನ್ನು ತೆಗೆಸಿ, ಒಬ್ಬರು ಅಕ್ಷರ ಬಿಡಿಸಿ ಗಟ್ಟಿಯಾಗಿ ಓದಿ, ಇನ್ನೊಬ್ಬರು ಮೂಲದೊಡನೆ ಹೋಲಿಸಿ ಒಪ್ಪಿದ ಮೇಲೆಯೇ ಉಳಿದುದನ್ನು ಮುದ್ರಿಸಲು ಹೇಳಬೇಕು.

ಕರಡು ತಿದ್ದುವುದು ಪರೀಕ್ಷೆಯ ಅಂಕಕ್ಕಾಗಿ ಮಾಡುವ ಕೆಲಸವೆಂದು ತಿಳಿದಿದ್ದ ವಿದ್ಯಾರ್ಥಿಗೆ, ತನ್ನ ಕಣ್ಣು ತಪ್ಪಿದರೆ ಇಡೀ ಶಾಲೆ ಆ ತಪ್ಪನ್ನು ಎದೆಯ ಮೇಲೆ ಹೊತ್ತು ತಿರುಗಬೇಕಾಗುತ್ತದೆ ಎಂಬುದು ಇಲ್ಲಿ ಮನವರಿಕೆಯಾಗುತ್ತದೆ.

ಬೋಧನಾ ಕ್ರಮ

ಮೊದಲ ಪಿರಿಯಡ್: ಮುದ್ರಿಸಿದ ಹಳೆಯ ಟೀ ಶರ್ಟುಗಳನ್ನು ಮನೆಯಿಂದ ತರಿಸಿ, ಮುಟ್ಟಿ, ಮಗುಚಿ, ಎಳೆದು ನೋಡಲು ಹೇಳಬೇಕು. ಕಂಡುದನ್ನಷ್ಟೇ ಬರೆಯಿಸಬೇಕು, ಅಭಿಪ್ರಾಯ ಈಗ ಬೇಡ. ಮನೆಯವರು ಬನಿಯನ್ ಕಂಪನಿಯಲ್ಲಿ ಅಥವಾ ಮುದ್ರಣದ ಅಂಗಡಿಯಲ್ಲಿ ದುಡಿಯುತ್ತಿದ್ದರೆ ಅವರಿಂದ ಕೆಲಸದ ಪದಗಳನ್ನು ಕೇಳಿ ತರಲು ತಿಳಿಸಬೇಕು. ತಮಿಳು, ಇಂಗ್ಲಿಷ್ ಪದಗಳು ಬಂದರೆ ಅವನ್ನು ತಳ್ಳಿಹಾಕದೆ ಅವುಗಳ ಮುಂದೆ ಕನ್ನಡದ ವಿವರಣೆಯನ್ನು ಬರೆಯಿಸಬೇಕು.

ಎರಡನೆಯ ಪಿರಿಯಡ್: ಪ್ರಯೋಗ. ಗಟ್ಟಿ ಕಾಗದದಲ್ಲಿ ‘ಠ’ ಅಕ್ಷರವನ್ನು ಕೊರೆದು ರಂಗೋಲಿ ಪುಡಿಯನ್ನು ಸವರಿ, ಒಳಭಾಗ ಬಿದ್ದುಹೋಗುವುದನ್ನು ತೋರಿಸಬೇಕು. ಬಳಿಕ ಕಸೂತಿಯ ಬಳೆಗೆ ಆರ್ಗಂಡಿ ಅಥವಾ ತೆಳು ನೈಲಾನ್ ಬಟ್ಟೆಯನ್ನು ಬಿಗಿದು, ಅದೇ ಕಾಗದವನ್ನೂ ಬಿದ್ದ ತುಂಡನ್ನೂ ಅಂಟಿಸಿ, ಬಟ್ಟೆಗೆ ಬಳಿಯುವ ಬಣ್ಣವನ್ನು ಪ್ಲಾಸ್ಟಿಕ್ ಅಳತೆಪಟ್ಟಿಯಿಂದ ಎಳೆಯಬೇಕು. ಹಳೆಯ ಬಟ್ಟೆಯ ಮೇಲೆ ಇಡೀ ಅಕ್ಷರ ಮೂಡುತ್ತದೆ. ಇದನ್ನು ಹತ್ತು ಸಲ ಮುದ್ರಿಸಿ, ಸಿದ್ಧತೆಗೆ ಹಿಡಿದ ಹೊತ್ತನ್ನೂ ಪ್ರತಿ ಮುದ್ರಣಕ್ಕೆ ಹಿಡಿದ ಹೊತ್ತನ್ನೂ ಗಡಿಯಾರ ನೋಡಿ ಬರೆದಿಡಬೇಕು.

ಮೂರನೆಯ ಪಿರಿಯಡ್: ಮೇಲಿನ ಲೆಕ್ಕವನ್ನು ಗುಂಪುಗಳಲ್ಲಿ ಮಾಡಿಸಬೇಕು. ಒಂದು ಗುಂಪಿಗೆ 8 ಜನರ ಕಬಡ್ಡಿ ತಂಡ, ಇನ್ನೊಂದಕ್ಕೆ 60 ಮಕ್ಕಳ ಶಾಲೆ, ಮತ್ತೊಂದಕ್ಕೆ 300 ಜನರ ಊರಹಬ್ಬ ಎಂದು ಸಂದರ್ಭಗಳನ್ನು ಹಂಚಿದರೆ ನಿರ್ಣಯಗಳು ಬೇರೆ ಬೇರೆಯಾಗಿ ಬರುತ್ತವೆ.

ನಾಲ್ಕನೆಯ ಪಿರಿಯಡ್: ಭಾಷಾಭ್ಯಾಸ. ಆದರೆ, ಆದಾಗ್ಯೂ, ಒಂದು ವೇಳೆ, ಅಲ್ಲದೆ, ಹಾಗಿದ್ದರೂ, ಆದಕಾರಣ ಎಂಬ ಜೋಡಣೆಯ ಪದಗಳನ್ನು ಬಳಸಿ ಒಂದು ಗುಣವನ್ನೂ ಅದಕ್ಕೆ ಅಂಟಿದ ದೋಷವನ್ನೂ ಒಂದೇ ವಾಕ್ಯದಲ್ಲಿ ಕೂಡಿಸುವ ಅಭ್ಯಾಸವನ್ನು ಮಾಡಿಸಬೇಕು.

ಐದನೆಯ ಪಿರಿಯಡ್: ‘ನಮ್ಮ ಶಾಲೆಯ ಅಂಗಿಗೆ ಯಾವ ಮುದ್ರಣ?’ ಎಂಬ ಪ್ರಬಂಧವನ್ನು ಬರೆಯಿಸಿ, ಪರಸ್ಪರ ಓದಿಸಿ ತಿದ್ದಿಸಬೇಕು.

ಎಚ್ಚರಿಕೆ

ಬೈಕ್ರೋಮೇಟ್ ಬೆರೆಸಿದ ಎಮಲ್ಷನ್, ದ್ರಾವಕಗಳು, ಬ್ಲೀಚಿಂಗ್ ಪುಡಿ ಮತ್ತು ಶಾಖಯಂತ್ರ ಇವುಗಳನ್ನು ತರಗತಿಗೆ ತರಬಾರದು. ಶಾಲೆಯಲ್ಲಿ ನೀರಿನಲ್ಲಿ ತೊಳೆದುಹೋಗುವ ಬಟ್ಟೆ ಬಣ್ಣವಷ್ಟೇ ಸಾಕು. ಮುದ್ರಣದ ಅಂಗಡಿಗೆ ಭೇಟಿ ಕೊಡುವುದಾದರೆ ಮಕ್ಕಳು ನೋಡಿ ಕೇಳಿ ಬರೆದುಕೊಳ್ಳಬೇಕೇ ಹೊರತು ಕೆಲಸಕ್ಕೆ ಕೈಹಾಕಬಾರದು. ಕೆಲಸಗಾರರು ಕೈಗವಸು ತೊಟ್ಟಿದ್ದಾರೆಯೇ, ಕೋಣೆಯಲ್ಲಿ ಗಾಳಿಯಾಡುತ್ತದೆಯೇ, ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟು ಗಮನಿಸಲು ಮುಂಚಿತವಾಗಿ ತಿಳಿಸಬೇಕು. ಮುಂದೆ ಇದೇ ಉದ್ಯಮದಲ್ಲಿ ಬದುಕು ಕಂಡುಕೊಳ್ಳಲಿರುವ ಮಕ್ಕಳು ತರಗತಿಯಲ್ಲಿರಬಹುದು. ಅವರಿಗೆ ಈ ಪ್ರಶ್ನೆಗಳು ಪ್ರಬಂಧಕ್ಕಿಂತಲೂ ಹೆಚ್ಚು ಕಾಲ ನೆನಪಿರಬೇಕು.

ಮೌಲ್ಯಮಾಪನ

ಕೆಳಗಿನ ಎರಡು ಮಾದರಿಗಳನ್ನು ಹಲಗೆಯ ಮೇಲೆ ಬರೆದು, ಎರಡರ ಅಂತರವನ್ನು ವಿದ್ಯಾರ್ಥಿಗಳಿಂದಲೇ ಹೇಳಿಸಬಹುದು.

ಮಾದರಿ 1: ‘ಪರದೆ ಮುದ್ರಣ ಅಗ್ಗವಾಗಿದೆ. ಅದು ಚೆನ್ನಾಗಿ ಕಾಣುತ್ತದೆ. ಬಹಳ ದಿನ ಬಾಳುತ್ತದೆ. ಆದರೆ ಪರಿಸರಕ್ಕೆ ಹಾನಿಯಾಗುತ್ತದೆ. ಆದ್ದರಿಂದ ಎಚ್ಚರಿಕೆಯಿಂದ ಬಳಸಬೇಕು.’

ಮಾದರಿ 2: ‘ನಮ್ಮ ಶಾಲೆಗೆ 60 ಅಂಗಿಗಳು ಬೇಕಾಗಿವೆ. ಒಂದೇ ಬಣ್ಣದಲ್ಲಿ ಮುದ್ರಿಸಿದರೆ ಪರದೆ ಮುದ್ರಣವು ಶಾಖ ವರ್ಗಾವಣೆಗಿಂತ ಅಗ್ಗ; ಮೂರು ಬಣ್ಣಗಳಾದರೆ ಹಾಗಲ್ಲ. ಬಿಳಿ ಬಣ್ಣ ನಮ್ಮ ನೀಲಿ ಅಂಗಿಯ ಮೇಲೆ ಎದ್ದು ಕಾಣುತ್ತದೆ, ಆದರೆ ದೊಡ್ಡದಾಗಿ ಮುದ್ರಿಸಿದರೆ ಆಡುವಾಗ ಸೆಕೆಯಾಗುತ್ತದೆ. ಆದಕಾರಣ ಶಾಲೆಯ ಹೆಸರನ್ನು ಮಾತ್ರ, ಎದೆಯ ಎಡಭಾಗದಲ್ಲಿ, ಒಂದೇ ಬಣ್ಣದಲ್ಲಿ ಪರದೆ ಮುದ್ರಣದಿಂದ ಹಾಕಿಸುವುದು ಸೂಕ್ತ.’

ಮೊದಲ ಮಾದರಿಯಲ್ಲಿ ತಪ್ಪು ವಾಕ್ಯವಿಲ್ಲ; ಆದರೆ ಅದನ್ನು ಓದಿದವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಎರಡನೆಯದನ್ನು ಓದಿ ಮುಖ್ಯೋಪಾಧ್ಯಾಯರು ಅಂಗಡಿಗೆ ಹೇಳಿಕಳುಹಿಸಬಹುದು. ಅಂಕ ನೀಡುವಾಗ ಗುಣದೋಷಗಳ ಸಂಖ್ಯೆಯನ್ನು ಎಣಿಸದೆ, ಉಪಾಧಿ, ಹೋಲಿಕೆ, ಲೆಕ್ಕ, ನಿರ್ಣಯ ಎಂಬ ನಾಲ್ಕು ಅಂಶಗಳನ್ನು ನೋಡಬೇಕು. ಶಿಕ್ಷಕರ ಅಭಿಪ್ರಾಯಕ್ಕೆ ವಿರುದ್ಧವಾದ ನಿರ್ಣಯವಾದರೂ ಆಧಾರವಿದ್ದರೆ ಪೂರ್ಣ ಅಂಕ ಸಲ್ಲತಕ್ಕದ್ದು.

ಅಭ್ಯಾಸ ಪ್ರಶ್ನೆಗಳು

1. ಕೊರೆದ ತಗಡಿನ ಅಚ್ಚಿಗೂ ಜಾಲರಿಯ ಪರದೆಗೂ ಇರುವ ಮುಖ್ಯ ಭೇದವೇನು? ‘ಠ’ ಅಕ್ಷರದ ಉದಾಹರಣೆಯೊಡನೆ ವಿವರಿಸಿರಿ.
2. ‘ಬಣ್ಣದ ದಪ್ಪ ಪದರ’ವು ಗುಣವೂ ದೋಷವೂ ಆಗುವುದು ಹೇಗೆ?
3. ಮೇಲಿನ ದರಗಳಲ್ಲಿ 24 ಅಂಗಿಗಳಿಗೆ ಎರಡು ಬಣ್ಣಗಳ ವಿನ್ಯಾಸ ಬೇಕಾದರೆ ಯಾವ ವಿಧಾನ ಅಗ್ಗ? ಎಷ್ಟು ರೂಪಾಯಿ ಉಳಿಯುತ್ತದೆ? (ಉತ್ತರ: ಪರದೆ ಮುದ್ರಣಕ್ಕೆ 2160, ಶಾಖ ವರ್ಗಾವಣೆಗೆ 1920, ಶಾಖ ವರ್ಗಾವಣೆಯಿಂದ 240 ರೂಪಾಯಿ ಉಳಿತಾಯ.)
4. ಕನ್ನಡ ಬಾರದ ಮುದ್ರಣದ ಅಂಗಡಿಯವರಿಗೆ ಕೊಡಬೇಕಾದ ಸೂಚನೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಿರಿ.

ಉಪಸಂಹಾರ

ಪರದೆ ಮುದ್ರಣದಲ್ಲಿ ಅಚ್ಚು ಒಮ್ಮೆ ಸಿದ್ಧವಾಗುತ್ತದೆ, ಮುದ್ರಣ ಹಲವು ಸಲ ನಡೆಯುತ್ತದೆ. ದೊಡ್ಡ ಬೇಡಿಕೆಗೆ ಅದು ಅಗ್ಗವಾಗುವುದಕ್ಕೂ ಸಣ್ಣ ಬೇಡಿಕೆಗೆ ದುಬಾರಿಯಾಗುವುದಕ್ಕೂ, ಕೈಬರಹವನ್ನು ಹಾಗೆಯೇ ಅಂಗಿಗೆ ತರುವುದಕ್ಕೂ ಒಂದು ತಪ್ಪನ್ನು ನೂರಾಗಿಸುವುದಕ್ಕೂ ಕಾರಣ ಇದೊಂದೇ. ಗುಣ ಮತ್ತು ದೋಷಗಳು ಬೇರೆ ಬೇರೆ ಪಟ್ಟಿಗಳಲ್ಲ, ಒಂದೇ ಕಾರಣದ ಎರಡು ಫಲಗಳು ಎಂಬುದನ್ನು ವಿದ್ಯಾರ್ಥಿಯು ಈ ಒಂದು ವಿಷಯದಲ್ಲಿ ಕಂಡುಕೊಂಡರೆ, ರಾಸಾಯನಿಕ ಗೊಬ್ಬರ, ಕೊಳವೆಬಾವಿ, ಪ್ಲಾಸ್ಟಿಕ್ ಮುಂತಾದ ವಿಷಯಗಳನ್ನೂ ಅದೇ ಕ್ರಮದಲ್ಲಿ ತೂಗಬಲ್ಲನು. ಶಾಲೆಗೆ ಅಂಗಿ ಮಾಡಿಸುವ ಸಂದರ್ಭ ನಿಜವಾಗಿಯೂ ಬಂದಾಗ ಈ ಪ್ರಬಂಧಗಳನ್ನು ಶಾಲಾ ನಿರ್ವಹಣಾ ಸಮಿತಿಯ ಸಭೆಯಲ್ಲಿ ಓದಿಸುವುದು ಉತ್ತಮ. ಮಕ್ಕಳು ಕನ್ನಡದಲ್ಲಿ ಬರೆದ ವಿಚಾರದಿಂದ ಒಂದು ತೀರ್ಮಾನ ಆಗುವುದನ್ನು ಅವರೇ ಕಣ್ಣಾರೆ ಕಾಣುವಂತಾಗಬೇಕು.